ಅವಲಂಬಿತ ಕುಟುಂಬ ಸದಸ್ಯರ ಸಂಬಂಧ ಆದಾಯ ತೆರಿಗೆಯಲ್ಲಿ ದೊರೆಯುವ ಕಡಿತಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವೃದ್ಧ ತಂದೆ ತಾಯಿ, ಓದುತ್ತಿರುವ ಮಕ್ಕಳು, ಅಂಗವೈಕಲ್ಯವುಳ್ಳ ಸೋದರ ಸೋದರಿಯರು ಮೊದಲಾದವರ ಪಾಲನೆ ಪೋಷಣೆಯ ಹೊಣೆ ಹೊತ್ತಿರುವ ತೆರಿಗೆದಾರರು ತಮ್ಮ ಆದಾಯದಿಂದ ಯಾವ ಮೊತ್ತವನ್ನು ಕಳೆದು ತೆರಿಗೆ ಲೆಕ್ಕ ಹಾಕಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಭಾರತದ ಆದಾಯ ತೆರಿಗೆ ಕಾಯ್ದೆಯಲ್ಲಿ ಮನೆಯಲ್ಲಿರುವ ಅವಲಂಬಿತರ ತಲೆ ಎಣಿಸಿ ತಲಾ ಇಷ್ಟು ಎಂದು ವಿನಾಯಿತಿ ನೀಡುವ ಪದ್ಧತಿ ಇಲ್ಲ. ಕುಟುಂಬದ ಸದಸ್ಯರಿಗಾಗಿ ಮಾಡಿದ ನಿರ್ದಿಷ್ಟ ವೆಚ್ಚಕ್ಕೆ ಅಥವಾ ಅವರ ನಿರ್ದಿಷ್ಟ ಸ್ಥಿತಿಗೆ ಸಂಬಂಧಿಸಿದಂತೆ ಮಾತ್ರ ಕಡಿತ ದೊರೆಯುತ್ತದೆ. ಆರೋಗ್ಯ ವಿಮೆ, ಅಂಗವೈಕಲ್ಯ, ಗಂಭೀರ ಕಾಯಿಲೆ, ಮಕ್ಕಳ ಶಿಕ್ಷಣ ಇವು ಪ್ರಮುಖವಾದವು. ಪ್ರತಿಯೊಂದು ಕಲಮಿನಲ್ಲಿಯೂ "ಕುಟುಂಬ" ಮತ್ತು "ಅವಲಂಬಿತ" ಎಂಬ ಪದಗಳ ವ್ಯಾಪ್ತಿ ಬೇರೆ ಬೇರೆಯಾಗಿದೆ. ಒಂದು ಕಲಮಿನಡಿ ಅರ್ಹರಾದ ಬಂಧುಗಳು ಇನ್ನೊಂದರಡಿ ಅರ್ಹರಾಗದೆ ಇರಬಹುದು. ಆದುದರಿಂದ ಕಡಿತವನ್ನು ಕೋರುವ ಮೊದಲು ಆಯಾ ಕಲಮಿನ ಷರತ್ತುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ.

2. ಅನ್ವಯವಾಗುವ ಕಾಯ್ದೆ

2025-26ರ ಆರ್ಥಿಕ ವರ್ಷದವರೆಗಿನ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಲಾದ 2025ರ ಆದಾಯ ತೆರಿಗೆ ಕಾಯ್ದೆಯು 2026-27ರ ತೆರಿಗೆ ವರ್ಷದಿಂದ ಮೊದಲ್ಗೊಂಡು ಅನ್ವಯಿಸುತ್ತದೆ. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಈ ಪುಟದಲ್ಲಿ ಸಾರ್ವಜನಿಕರಿಗೆ ಪರಿಚಿತವಾಗಿರುವ ಹಳೆಯ ಸಂಖ್ಯೆಗಳನ್ನೇ ಬಳಸಲಾಗಿದ್ದು, ಹೊಸ ಕಾಯ್ದೆಯ ಸಂವಾದಿ ಕಲಮುಗಳು ಹೀಗಿವೆ:

- ಜೀವ ವಿಮೆ, ಉಳಿತಾಯ, ಬೋಧನಾ ಶುಲ್ಕ: ಹಳೆಯ ಕಲಂ 80ಸಿ, ಹೊಸ ಕಲಂ 123
- ಆರೋಗ್ಯ ವಿಮೆ: ಹಳೆಯ ಕಲಂ 80ಡಿ, ಹೊಸ ಕಲಂ 126
- ಅಂಗವೈಕಲ್ಯವುಳ್ಳ ಅವಲಂಬಿತರ ಪೋಷಣೆ: ಹಳೆಯ ಕಲಂ 80ಡಿಡಿ, ಹೊಸ ಕಲಂ 127
- ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆ: ಹಳೆಯ ಕಲಂ 80ಡಿಡಿಬಿ, ಹೊಸ ಕಲಂ 128
- ಶಿಕ್ಷಣ ಸಾಲದ ಬಡ್ಡಿ: ಹಳೆಯ ಕಲಂ 80ಇ, ಹೊಸ ಕಲಂ 129
- ಸ್ವತಃ ಅಂಗವೈಕಲ್ಯವುಳ್ಳ ತೆರಿಗೆದಾರರು: ಹಳೆಯ ಕಲಂ 80ಯು, ಹೊಸ ಕಲಂ 154

3. ಮೊದಲು ಗಮನಿಸಬೇಕಾದ ಅಂಶ: ಹೊಸ ಪದ್ಧತಿಯೋ ಹಳೆಯ ಪದ್ಧತಿಯೋ

2023-24ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯು ತಾನಾಗಿಯೇ ಅನ್ವಯವಾಗುವ ಪದ್ಧತಿಯಾಗಿದೆ. ಮೇಲೆ ಪಟ್ಟಿ ಮಾಡಿರುವ ಆರು ಕಡಿತಗಳ ಪೈಕಿ ಯಾವುದೂ ಹೊಸ ಪದ್ಧತಿಯಲ್ಲಿ ದೊರೆಯುವುದಿಲ್ಲ. ಇವುಗಳ ಪ್ರಯೋಜನ ಬೇಕಾದವರು ಹಳೆಯ ಪದ್ಧತಿಯನ್ನು ಸ್ಪಷ್ಟವಾಗಿ ಆಯ್ಕೆ ಮಾಡಿಕೊಳ್ಳತಕ್ಕದ್ದು.

(ಅ) ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದವರು, ಉದಾಹರಣೆಗೆ ವೇತನದಾರರು ಮತ್ತು ಪಿಂಚಣಿದಾರರು, ಆದಾಯದ ವಿವರಪತ್ರದಲ್ಲಿ, ಅಂದರೆ ರಿಟರ್ನ್‌ನಲ್ಲಿಯೇ, ಪ್ರತಿ ವರ್ಷವೂ ಆಯ್ಕೆಯನ್ನು ಸೂಚಿಸಬಹುದು.

(ಆ) ವ್ಯಾಪಾರ ಅಥವಾ ವೃತ್ತಿಯ ಆದಾಯವುಳ್ಳವರು ಇದಕ್ಕಾಗಿ ಪ್ರತ್ಯೇಕ ನಮೂನೆ ಸಲ್ಲಿಸಬೇಕು. 1961ರ ಕಾಯ್ದೆಯಡಿ ಇದು ನಮೂನೆ 10-ಐಇಎ. ಇಂಥವರು ಒಮ್ಮೆ ಹಳೆಯ ಪದ್ಧತಿಗೆ ಹೋಗಿ ಪುನಃ ಹೊಸ ಪದ್ಧತಿಗೆ ಮರಳಿದಲ್ಲಿ, ವ್ಯಾಪಾರದ ಆದಾಯವಿರುವವರೆಗೆ ಮತ್ತೆ ಹಳೆಯದಕ್ಕೆ ಹೋಗಲು ಅವಕಾಶವಿಲ್ಲ.

(ಇ) ರಿಟರ್ನ್ ಅನ್ನು ನಿಗದಿತ ಅಂತಿಮ ದಿನಾಂಕದೊಳಗೆ ಸಲ್ಲಿಸದಿದ್ದರೆ ಹಳೆಯ ಪದ್ಧತಿಯ ಆಯ್ಕೆ ಕೈತಪ್ಪುತ್ತದೆ. ತಡವಾಗಿ ಸಲ್ಲಿಸುವವರಿಗೆ, ಎಲ್ಲ ದಾಖಲೆಗಳು ಕೈಯಲ್ಲಿದ್ದರೂ, ಈ ಕಡಿತಗಳು ದೊರೆಯುವುದಿಲ್ಲ.

ಕಡಿತಗಳು ಇವೆ ಎಂಬ ಒಂದೇ ಕಾರಣಕ್ಕೆ ಹಳೆಯ ಪದ್ಧತಿಯು ಲಾಭಕರವೆಂದು ಭಾವಿಸಬಾರದು. 2025-26ರಿಂದ ಹೊಸ ಪದ್ಧತಿಯಲ್ಲಿ ಸಾಮಾನ್ಯ ದರದ ತೆರಿಗೆಗೆ ಒಳಪಡುವ ಆದಾಯವು ರೂ. 12,00,000 ಮೀರದಿದ್ದರೆ ತೆರಿಗೆ ರಿಯಾಯಿತಿಯಿಂದಾಗಿ ಪಾವತಿಸಬೇಕಾದ ತೆರಿಗೆ ಇರುವುದಿಲ್ಲ. ವೇತನದಾರರಿಗೆ ರೂ. 75,000ದ ಪ್ರಮಾಣಿತ ಕಡಿತವೂ ಸೇರಿ ಈ ಮಿತಿ ರೂ. 12,75,000 ಆಗುತ್ತದೆ. ಈ ಮಿತಿಯೊಳಗಿನ ವೇತನದಾರರಿಗೆ ಮುಂದೆ ವಿವರಿಸಿರುವ ಕಡಿತಗಳ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಮಿತಿಗಿಂತ ಹೆಚ್ಚು ಆದಾಯವುಳ್ಳವರು ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡುವುದು ಸೂಕ್ತ.

ಉದಾಹರಣೆ: ವಾರ್ಷಿಕ ರೂ. 15,00,000 ವೇತನ ಪಡೆಯುವ, 60 ವರ್ಷದೊಳಗಿನ ಒಬ್ಬ ನೌಕರರಿಗೆ ಶೇ. 80ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳ ಮಗಳಿದ್ದಾಳೆ. ಹಿರಿಯ ನಾಗರಿಕರಾದ ತಂದೆ ತಾಯಿಗೆ ಆರೋಗ್ಯ ವಿಮೆಯನ್ನೂ ಮಾಡಿಸಿದ್ದಾರೆ. 2025-26ರ ಲೆಕ್ಕ ಹೀಗಿರುತ್ತದೆ.

- ಹೊಸ ಪದ್ಧತಿ: ಪ್ರಮಾಣಿತ ಕಡಿತ ರೂ. 75,000 ಕಳೆದು ಉಳಿದ ಆದಾಯ ರೂ. 14,25,000. ಶೇ. 4ರ ಸೆಸ್ ಸೇರಿ ತೆರಿಗೆ ರೂ. 97,500.
- ಹಳೆಯ ಪದ್ಧತಿ: ಪ್ರಮಾಣಿತ ಕಡಿತ ರೂ. 50,000, ಕಲಂ 80ಸಿ ರೂ. 1,50,000, ಕಲಂ 80ಡಿ ರೂ. 75,000, ಕಲಂ 80ಡಿಡಿ ರೂ. 1,25,000 ಕಳೆದು ಉಳಿದ ಆದಾಯ ರೂ. 11,00,000. ಸೆಸ್ ಸೇರಿ ತೆರಿಗೆ ರೂ. 1,48,200.
- ಹಳೆಯ ಪದ್ಧತಿ, ಸ್ವಂತ ವಾಸದ ಮನೆಯ ಸಾಲದ ಬಡ್ಡಿ ರೂ. 2,00,000 ಸಹ ಇದ್ದಲ್ಲಿ: ಉಳಿದ ಆದಾಯ ರೂ. 9,00,000. ಸೆಸ್ ಸೇರಿ ತೆರಿಗೆ ರೂ. 96,200.

ಮೊದಲ ಸಂದರ್ಭದಲ್ಲಿ ಹೊಸ ಪದ್ಧತಿಯಿಂದ ರೂ. 50,700 ಉಳಿಯುತ್ತದೆ, ಗೃಹ ಸಾಲವಿದ್ದಾಗ ಹಳೆಯ ಪದ್ಧತಿಯಿಂದ ರೂ. 1,300 ಮಾತ್ರ ಉಳಿಯುತ್ತದೆ. ಕುಟುಂಬದ ಹೊಣೆ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿದ್ದರೂ ಫಲಿತಾಂಶ ಬೇರೆ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿರುವ ತೆರಿಗೆ ಲೆಕ್ಕಾಚಾರದ ಸೌಲಭ್ಯವನ್ನು ಬಳಸಿ ಈ ಹೋಲಿಕೆಯನ್ನು ಉಚಿತವಾಗಿ ಮಾಡಿಕೊಳ್ಳಬಹುದು.

4. ಅಂಗವೈಕಲ್ಯವುಳ್ಳ ಅವಲಂಬಿತರ ಪೋಷಣೆ: ಕಲಂ 80ಡಿಡಿ

4.1 ಯಾರು ಕೋರಬಹುದು

ಭಾರತದ ನಿವಾಸಿಯಾದ ವ್ಯಕ್ತಿ ಹಾಗೂ ಹಿಂದೂ ಅವಿಭಕ್ತ ಕುಟುಂಬ ಈ ಕಡಿತವನ್ನು ಕೋರಬಹುದು. ಅನಿವಾಸಿಗಳಿಗೆ ಇದು ದೊರೆಯುವುದಿಲ್ಲ.

4.2 ಯಾರು ಅವಲಂಬಿತರು

ವ್ಯಕ್ತಿಗೆ ಸಂಬಂಧಿಸಿದಂತೆ ಪತಿ ಅಥವಾ ಪತ್ನಿ, ಮಕ್ಕಳು, ತಂದೆ ತಾಯಿ, ಸೋದರರು ಮತ್ತು ಸೋದರಿಯರು. ಅವಿಭಕ್ತ ಕುಟುಂಬಕ್ಕೆ ಸಂಬಂಧಿಸಿದಂತೆ ಅದರ ಯಾವುದೇ ಸದಸ್ಯರು. ದತ್ತು ಮಕ್ಕಳು ಮತ್ತು ಮಲಮಕ್ಕಳು ಸಹ "ಮಕ್ಕಳು" ಎಂಬ ಪದದಲ್ಲಿ ಸೇರುತ್ತಾರೆ. ಇವರು ತಮ್ಮ ಪಾಲನೆ ಪೋಷಣೆಗೆ ಆ ತೆರಿಗೆದಾರರನ್ನೇ ಪೂರ್ಣವಾಗಿ ಅಥವಾ ಮುಖ್ಯವಾಗಿ ಅವಲಂಬಿಸಿರಬೇಕು ಹಾಗೂ ತಮ್ಮ ಸ್ವಂತ ರಿಟರ್ನ್‌ನಲ್ಲಿ ಕಲಂ 80ಯು ಅಡಿ ಕಡಿತ ಪಡೆದಿರಬಾರದು.

ಅವಲಂಬನೆಗೆ ಇಂತಿಷ್ಟೇ ಆದಾಯ ಮಿತಿ ಎಂದು ಈ ಕಲಮಿನಲ್ಲಿ ನಿಗದಿಪಡಿಸಿಲ್ಲ. ಅಲ್ಪ ಪಿಂಚಣಿ ಅಥವಾ ಮಾಸಾಶನ ಪಡೆಯುತ್ತಿರುವ ವ್ಯಕ್ತಿಯ ಜೀವನ ಮುಖ್ಯವಾಗಿ ತೆರಿಗೆದಾರರ ನೆರವಿನಿಂದ ನಡೆಯುತ್ತಿದೆಯೇ ಎಂಬುದನ್ನು ವಾಸ್ತವಾಂಶಗಳ ಮೇಲೆ ನಿರ್ಧರಿಸಬೇಕಾಗುತ್ತದೆ. ಸರ್ಕಾರಿ ನೌಕರರ ವೈದ್ಯಕೀಯ ವೆಚ್ಚ ಮರುಪಾವತಿ ನಿಯಮಗಳಲ್ಲಿರುವ ಆದಾಯ ಮಿತಿಗಳು ಇಲ್ಲಿ ಅನ್ವಯಿಸುವುದಿಲ್ಲ.

4.3 ಕಡಿತದ ಮೊತ್ತ

- ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು, ಆದರೆ ಶೇ. 80ಕ್ಕಿಂತ ಕಡಿಮೆ: ರೂ. 75,000
- ತೀವ್ರ ಅಂಗವೈಕಲ್ಯ, ಅಂದರೆ ಶೇ. 80 ಅಥವಾ ಹೆಚ್ಚು: ರೂ. 1,25,000

ಈ ಮೊತ್ತಗಳು 2015-16ರ ಆರ್ಥಿಕ ವರ್ಷದಿಂದ ಜಾರಿಯಲ್ಲಿವೆ. ಅದಕ್ಕೂ ಮೊದಲು ಇವು ಕ್ರಮವಾಗಿ ರೂ. 50,000 ಮತ್ತು ರೂ. 1,00,000 ಆಗಿದ್ದವು. ಅವಲಂಬಿತರ ವೈದ್ಯಕೀಯ ಚಿಕಿತ್ಸೆ, ಶುಶ್ರೂಷೆ, ತರಬೇತಿ ಅಥವಾ ಪುನರ್ವಸತಿಗಾಗಿ ವೆಚ್ಚ ಮಾಡಿರಬೇಕು, ಇಲ್ಲವೇ ಅವರ ಪೋಷಣೆಗೆಂದು ಅನುಮೋದಿತ ವಿಮಾ ಯೋಜನೆಯಲ್ಲಿ ಹಣ ತೊಡಗಿಸಿರಬೇಕು. ಆದರೆ ಕಡಿತದ ಮೊತ್ತವು ವೆಚ್ಚಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುವುದಿಲ್ಲ. ವರ್ಷದಲ್ಲಿ ರೂ. 30,000 ವೆಚ್ಚವಾಗಿದ್ದರೂ ರೂ. 3,00,000 ವೆಚ್ಚವಾಗಿದ್ದರೂ ಮೇಲಿನ ನಿಗದಿತ ಮೊತ್ತವೇ ದೊರೆಯುತ್ತದೆ.

4.4 ವೈದ್ಯಕೀಯ ಪ್ರಮಾಣ ಪತ್ರ

ನಿಯಮಗಳಲ್ಲಿ ಸೂಚಿಸಿರುವ ವೈದ್ಯಕೀಯ ಪ್ರಾಧಿಕಾರವು ನೀಡಿದ ಪ್ರಮಾಣ ಪತ್ರವಿಲ್ಲದೆ ಈ ಕಡಿತವನ್ನು ಕೋರುವಂತಿಲ್ಲ. ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಅಥವಾ ಮುಖ್ಯ ವೈದ್ಯಾಧಿಕಾರಿ, ನರರೋಗಗಳಲ್ಲಿ ಎಂ.ಡಿ. ಪದವಿ ಪಡೆದ ತಜ್ಞರು, ಮಕ್ಕಳ ವಿಷಯದಲ್ಲಿ ಅದಕ್ಕೆ ಸಮಾನ ಅರ್ಹತೆಯುಳ್ಳ ಮಕ್ಕಳ ನರರೋಗ ತಜ್ಞರು ಈ ಪ್ರಾಧಿಕಾರಿಗಳಲ್ಲಿ ಸೇರಿದ್ದಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ಅಂಗವೈಕಲ್ಯ ಇರುವವರ ಸಂಬಂಧ 1961ರ ಕಾಯ್ದೆಯಡಿ ನಮೂನೆ 10-ಐಎಯನ್ನು ಪೋರ್ಟಲ್ ಮೂಲಕ ಸಲ್ಲಿಸಬೇಕಾಗುತ್ತದೆ. ಹೊಸ ಕಾಯ್ದೆ ಅನ್ವಯವಾಗುವ ವರ್ಷಗಳಿಗೆ ಆಯಾ ವರ್ಷಕ್ಕೆ ನಿಗದಿಯಾದ ನಮೂನೆಯನ್ನೇ ಬಳಸತಕ್ಕದ್ದು.

ಕೆಲವು ಪ್ರಮಾಣ ಪತ್ರಗಳು ನಿರ್ದಿಷ್ಟ ಅವಧಿಗೆ ಮಾತ್ರ ಸಿಂಧುವಾಗಿರುತ್ತವೆ. ಅವಧಿ ಮುಗಿದ ಆರ್ಥಿಕ ವರ್ಷಕ್ಕೆ ಕಡಿತ ದೊರೆಯುತ್ತದೆ; ಅದರ ಮುಂದಿನ ವರ್ಷದಿಂದ ಹೊಸ ಪ್ರಮಾಣ ಪತ್ರ ಬೇಕು. ಉದಾಹರಣೆಗೆ, 2025ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಪತ್ರದ ಆಧಾರದ ಮೇಲೆ 2025-26ಕ್ಕೆ ಕಡಿತ ಪಡೆಯಬಹುದು, 2026-27ಕ್ಕೆ ಪಡೆಯಲಾಗದು. ಬೆಳೆಯುವ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣ ಪತ್ರ ನೀಡುವುದು ಸಾಮಾನ್ಯವಾದುದರಿಂದ ಪೋಷಕರು ಈ ದಿನಾಂಕದ ಮೇಲೆ ನಿಗಾ ಇಡಬೇಕು. ಮರುತಪಾಸಣೆಗೆ ಕಾಲಾವಕಾಶ ಹಿಡಿಯುವುದರಿಂದ ಅವಧಿ ಮುಗಿಯುವ ಕೆಲವು ತಿಂಗಳು ಮೊದಲೇ ಅರ್ಜಿ ಸಲ್ಲಿಸುವುದು ಉತ್ತಮ.

ಕರ್ನಾಟಕದಲ್ಲಿ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಹಾಗೂ ಪ್ರಮಾಣ ಪತ್ರಕ್ಕಾಗಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ಸಲ್ಲಿಸಲು ನೆರವು ಬೇಕಾದವರು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಅಥವಾ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.

4.5 ತಂದೆ ತಾಯಿಯ ನಂತರದ ಭದ್ರತೆ ಮತ್ತು 2022ರ ತಿದ್ದುಪಡಿ

ಅವಲಂಬಿತರಿಗಾಗಿ ವಿಮಾ ಯೋಜನೆಯಲ್ಲಿ ಹಣ ತೊಡಗಿಸಿದವರಿಗೆ ಮೊದಲು ಒಂದು ತೊಡಕಿತ್ತು. ತೆರಿಗೆದಾರರ ಮರಣಾನಂತರವಷ್ಟೇ ಅವಲಂಬಿತರಿಗೆ ವರ್ಷಾಶನ ಅಥವಾ ಇಡಿಗಂಟು ಸಿಗುವ ಯೋಜನೆಗೆ ಮಾತ್ರ ಕಡಿತ ದೊರೆಯುತ್ತಿತ್ತು. ಪೋಷಕರು ಬದುಕಿರುವಾಗ, ವೃದ್ಧಾಪ್ಯದಲ್ಲಿ ದುಡಿಮೆ ನಿಂತ ಮೇಲೆ, ಮಗುವಿನ ಚಿಕಿತ್ಸೆಗೆ ಆ ಹಣ ಒದಗುತ್ತಿರಲಿಲ್ಲ. ಜೀವನ್ ಆಧಾರ್ ಪಾಲಿಸಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ತೊಡಕನ್ನು ಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ತರುವಾಯ 2022ರ ಹಣಕಾಸು ಕಾಯ್ದೆಯ ಮೂಲಕ ತಿದ್ದುಪಡಿ ಮಾಡಲಾಯಿತು. ಇದರಂತೆ ತೆರಿಗೆದಾರರಿಗೆ 60 ವರ್ಷ ತುಂಬಿ, ಯೋಜನೆಗೆ ಹಣ ಕಟ್ಟುವುದು ನಿಂತ ಬಳಿಕ, ಅವರ ಜೀವಿತಾವಧಿಯಲ್ಲಿಯೇ ಅವಲಂಬಿತರಿಗೆ ಮೊತ್ತ ಪಾವತಿಯಾಗುವ ಯೋಜನೆಗೂ ಕಡಿತ ಲಭ್ಯವಿದೆ.

ಅವಲಂಬಿತರೇ ಮೊದಲು ಮರಣ ಹೊಂದಿದರೆ ಯೋಜನೆಯಲ್ಲಿರುವ ಮೊತ್ತವು ತೆರಿಗೆದಾರರಿಗೆ ಹಿಂದಿರುಗುತ್ತದೆ ಮತ್ತು ಅದು ಕೈಸೇರಿದ ವರ್ಷದ ಆದಾಯವೆಂದು ಪರಿಗಣಿತವಾಗುತ್ತದೆ. ಅವಲಂಬಿತರು ಬದುಕಿದ್ದಾಗ 60 ವರ್ಷದ ಷರತ್ತಿನಂತೆ ಪಡೆದ ಮೊತ್ತಕ್ಕೆ ಇದು ಅನ್ವಯಿಸುವುದಿಲ್ಲ.

4.6 ಕಲಂ 80ಡಿಡಿಯೋ 80ಯುವೋ

ಅಂಗವೈಕಲ್ಯವುಳ್ಳ ವ್ಯಕ್ತಿಗೆ ಸ್ವಂತ ಆದಾಯವಿದ್ದು ಅವರೇ ರಿಟರ್ನ್ ಸಲ್ಲಿಸುವುದಾದರೆ, ಕಲಂ 80ಯು ಅಡಿ ಇದೇ ಮೊತ್ತಗಳ ಕಡಿತವನ್ನು ತಾವೇ ಪಡೆಯಬಹುದು. ಒಬ್ಬ ವ್ಯಕ್ತಿಯ ಸಂಬಂಧ ಎರಡೂ ಕಲಮುಗಳ ಲಾಭವನ್ನು ಪಡೆಯುವಂತಿಲ್ಲ.

5. ಆರೋಗ್ಯ ವಿಮೆ ಮತ್ತು ವೈದ್ಯಕೀಯ ವೆಚ್ಚ: ಕಲಂ 80ಡಿ

ಈ ಕಲಮಿನಲ್ಲಿ ಎರಡು ಪ್ರತ್ಯೇಕ ಮಿತಿಗಳಿವೆ.

- ತೆರಿಗೆದಾರರು, ಪತಿ ಅಥವಾ ಪತ್ನಿ ಹಾಗೂ ಅವಲಂಬಿತ ಮಕ್ಕಳಿಗಾಗಿ: ರೂ. 25,000. ಇವರಲ್ಲಿ ವಿಮೆಗೆ ಒಳಪಟ್ಟ ಯಾರಾದರೂ ಹಿರಿಯ ನಾಗರಿಕರಾಗಿದ್ದರೆ ರೂ. 50,000.
- ತಂದೆ ತಾಯಿಗಾಗಿ ಹೆಚ್ಚುವರಿಯಾಗಿ: ರೂ. 25,000. ಅವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿದ್ದರೂ ರೂ. 50,000.

ತಂದೆ ತಾಯಿ ತೆರಿಗೆದಾರರನ್ನು ಅವಲಂಬಿಸಿರಬೇಕೆಂಬ ಷರತ್ತು ಇಲ್ಲಿ ಇಲ್ಲ. ಸ್ವಂತ ಪಿಂಚಣಿ ಇರುವ ತಂದೆಯ ವಿಮಾ ಕಂತನ್ನು ಮಗಳು ಕಟ್ಟಿದರೂ ಆಕೆಗೆ ಕಡಿತ ದೊರೆಯುತ್ತದೆ. ಅತ್ತೆ ಮಾವಂದಿರು, ಸೋದರ ಸೋದರಿಯರು ಈ ಕಲಮಿನ ವ್ಯಾಪ್ತಿಯಲ್ಲಿ ಬರುವುದಿಲ್ಲ. ದಂಪತಿಗಳಿಬ್ಬರೂ ತೆರಿಗೆದಾರರಾಗಿದ್ದರೆ ಪ್ರತಿಯೊಬ್ಬರೂ ತಮ್ಮ ತಮ್ಮ ತಂದೆ ತಾಯಿಯ ಕಂತನ್ನು ಸ್ವಂತ ಆದಾಯದಿಂದ ಪಾವತಿಸಿ ಕಡಿತ ಕೋರುವುದು ಸರಿಯಾದ ಕ್ರಮ.

ಇತರ ಷರತ್ತುಗಳು:

(1) ವಿಮಾ ಕಂತನ್ನು ನಗದಾಗಿ ಪಾವತಿಸಿದರೆ ಕಡಿತವಿಲ್ಲ. ಚೆಕ್, ಕಾರ್ಡ್, ಬ್ಯಾಂಕ್ ವರ್ಗಾವಣೆ ಮೊದಲಾದ ವಿಧಾನಗಳಲ್ಲಿ ಪಾವತಿಸಬೇಕು.

(2) ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚ ರೂ. 5,000ದವರೆಗೆ ಮೇಲಿನ ಮಿತಿಯೊಳಗೇ ಸೇರುತ್ತದೆ. ಇದನ್ನು ಮಾತ್ರ ನಗದಾಗಿಯೂ ಪಾವತಿಸಬಹುದು.

(3) ಹಿರಿಯ ನಾಗರಿಕರಿಗೆ ಆರೋಗ್ಯ ವಿಮೆಯೇ ಇಲ್ಲದಿದ್ದಲ್ಲಿ, ಅವರ ಚಿಕಿತ್ಸೆ, ಔಷಧಿ ಮುಂತಾದವುಗಳಿಗೆ ಮಾಡಿದ ವೆಚ್ಚವನ್ನು ರೂ. 50,000 ಮಿತಿಯೊಳಗೆ ಕೋರಬಹುದು. ವಯಸ್ಸು ಅಥವಾ ಕಾಯಿಲೆಯ ಕಾರಣದಿಂದ ವಿಮೆ ದೊರೆಯದ ಹಿರಿಯರಿರುವ ಕುಟುಂಬಗಳಿಗೆ ಇದು ಉಪಯುಕ್ತ. ಔಷಧಿ ಅಂಗಡಿಯ ಬಿಲ್ಲುಗಳನ್ನು ರೋಗಿಯ ಹೆಸರಿನಲ್ಲಿ ಪಡೆದು, ನಗದಲ್ಲದ ವಿಧಾನದಲ್ಲಿ ಹಣ ಪಾವತಿಸತಕ್ಕದ್ದು.

(4) ಹಲವು ವರ್ಷಗಳ ಕಂತನ್ನು ಒಟ್ಟಿಗೆ ಕಟ್ಟಿದ್ದರೆ ಆ ಮೊತ್ತವನ್ನು ವರ್ಷಗಳಿಗೆ ಸಮನಾಗಿ ಹಂಚಿ ಪ್ರತಿ ವರ್ಷ ಕೋರಬೇಕು.

ಹಿರಿಯ ನಾಗರಿಕರೆಂದರೆ ಆಯಾ ವರ್ಷದ ಯಾವುದೇ ದಿನದಂದು 60 ವರ್ಷ ತುಂಬಿದ ಭಾರತದ ನಿವಾಸಿ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಭಾರತದಲ್ಲಿ ತೆರಿಗೆಗೆ ಒಳಪಡುವ ಬಾಡಿಗೆ ಮುಂತಾದ ಆದಾಯ ಹೊಂದಿದ್ದು, ಊರಿನಲ್ಲಿರುವ ತಂದೆ ತಾಯಿಯ ವಿಮಾ ಕಂತನ್ನು ಕಟ್ಟುತ್ತಿದ್ದರೆ, ಅನಿವಾಸಿಗಳಾಗಿದ್ದರೂ ಈ ಕಡಿತಕ್ಕೆ ಅರ್ಹರು.

6. ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆ: ಕಲಂ 80ಡಿಡಿಬಿ

ಕ್ಯಾನ್ಸರ್, ದೀರ್ಘಕಾಲಿಕ ಮೂತ್ರಪಿಂಡ ವೈಫಲ್ಯ, ಹಿಮೋಫಿಲಿಯಾ, ಥಲಸ್ಸೇಮಿಯಾ, ಪೂರ್ಣಪ್ರಮಾಣದ ಏಡ್ಸ್ ಹಾಗೂ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಉಂಟುಮಾಡಿದ ಮರೆಗುಳಿ ರೋಗ, ಪಾರ್ಕಿನ್‌ಸನ್ ಕಾಯಿಲೆ, ಮೋಟಾರ್ ನ್ಯೂರಾನ್ ಕಾಯಿಲೆ ಮೊದಲಾದ ನರಸಂಬಂಧಿ ರೋಗಗಳ ಚಿಕಿತ್ಸಾ ವೆಚ್ಚಕ್ಕೆ ಈ ಕಲಂ ಅನ್ವಯಿಸುತ್ತದೆ. ನಿವಾಸಿ ತೆರಿಗೆದಾರರು ತಮಗಾಗಿ ಅಥವಾ ತಮ್ಮನ್ನು ಪೂರ್ಣವಾಗಿ ಇಲ್ಲವೇ ಮುಖ್ಯವಾಗಿ ಅವಲಂಬಿಸಿರುವ ಪತಿ ಅಥವಾ ಪತ್ನಿ, ಮಕ್ಕಳು, ತಂದೆ ತಾಯಿ, ಸೋದರ ಸೋದರಿಯರಿಗಾಗಿ ಮಾಡಿದ ವೆಚ್ಚವನ್ನು ಕೋರಬಹುದು.

ವಾಸ್ತವ ವೆಚ್ಚ ಅಥವಾ ರೂ. 40,000, ಇವುಗಳಲ್ಲಿ ಕಡಿಮೆಯಾದುದು ಕಡಿತದ ಮೊತ್ತ. ರೋಗಿಯು ಹಿರಿಯ ನಾಗರಿಕರಾಗಿದ್ದರೆ ಮಿತಿ ರೂ. 1,00,000. ಇಲ್ಲಿ ನೋಡುವುದು ರೋಗಿಯ ವಯಸ್ಸನ್ನೇ ಹೊರತು ತೆರಿಗೆದಾರರ ವಯಸ್ಸನ್ನಲ್ಲ.

ವಿಮಾ ಸಂಸ್ಥೆಯಿಂದ ಅಥವಾ ಉದ್ಯೋಗದಾತರಿಂದ ಬಂದ ಮೊತ್ತವನ್ನು ಕಡಿತದಿಂದ ಕಳೆಯಬೇಕು. ಉದಾಹರಣೆಗೆ, 62 ವರ್ಷದ ಅವಲಂಬಿತ ತಾಯಿಯ ಕ್ಯಾನ್ಸರ್ ಚಿಕಿತ್ಸೆಗೆ ರೂ. 1,60,000 ವೆಚ್ಚವಾಗಿ, ವಿಮೆಯಿಂದ ರೂ. 70,000 ಬಂದಿದ್ದರೆ, ಮಿತಿಯಾದ ರೂ. 1,00,000ದಿಂದ ರೂ. 70,000 ಕಳೆದು ಉಳಿದ ರೂ. 30,000 ಮಾತ್ರ ಕಡಿತವಾಗಿ ದೊರೆಯುತ್ತದೆ. ಕೈಯಿಂದ ಖರ್ಚಾದ ರೂ. 90,000 ಪೂರ್ತಿಯಾಗಿ ದೊರೆಯುವುದಿಲ್ಲ.

ಸಂಬಂಧಿಸಿದ ರೋಗದ ತಜ್ಞ ವೈದ್ಯರ ಲಿಖಿತ ಚೀಟಿ ಅಗತ್ಯ. ಅದರಲ್ಲಿ ರೋಗಿಯ ಹೆಸರು ಮತ್ತು ವಯಸ್ಸು, ರೋಗದ ಹೆಸರು, ತಜ್ಞರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಮತ್ತು ವಿದ್ಯಾರ್ಹತೆ ಇರತಕ್ಕದ್ದು. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು ಅಲ್ಲಿನ ತಜ್ಞರಿಂದಲೇ ಇದನ್ನು ಪಡೆಯಬಹುದು.

7. ಮಕ್ಕಳ ಶಿಕ್ಷಣ

ಬೋಧನಾ ಶುಲ್ಕ: ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಅಥವಾ ಇತರ ಶಿಕ್ಷಣ ಸಂಸ್ಥೆಯಲ್ಲಿ ಪೂರ್ಣಾವಧಿ ಶಿಕ್ಷಣ ಪಡೆಯುವ ಇಬ್ಬರು ಮಕ್ಕಳ ಬೋಧನಾ ಶುಲ್ಕವು ಕಲಂ 80ಸಿ ಅಡಿ, ಇತರ ಉಳಿತಾಯಗಳೂ ಸೇರಿ ರೂ. 1,50,000 ಮಿತಿಯೊಳಗೆ ಕಡಿತಕ್ಕೆ ಅರ್ಹ. ಅಭಿವೃದ್ಧಿ ಶುಲ್ಕ, ವಂತಿಗೆ ಇದರಲ್ಲಿ ಸೇರುವುದಿಲ್ಲ. ನಾಲ್ವರು ಮಕ್ಕಳಿರುವ ದಂಪತಿಗಳಿಬ್ಬರೂ ತೆರಿಗೆದಾರರಾಗಿದ್ದು, ತಲಾ ಇಬ್ಬರು ಮಕ್ಕಳ ಶುಲ್ಕವನ್ನು ತಾವೇ ಪಾವತಿಸಿದ್ದರೆ ಪ್ರತ್ಯೇಕವಾಗಿ ಕೋರಬಹುದು.

ಶಿಕ್ಷಣ ಸಾಲ: ತಮ್ಮ, ಪತಿ ಅಥವಾ ಪತ್ನಿಯ, ಮಕ್ಕಳ ಅಥವಾ ತಾವು ಕಾನೂನುಬದ್ಧ ಪೋಷಕರಾಗಿರುವ ವಿದ್ಯಾರ್ಥಿಯ ಉನ್ನತ ಶಿಕ್ಷಣಕ್ಕೆ ಬ್ಯಾಂಕ್ ಮೊದಲಾದ ಅರ್ಹ ಸಂಸ್ಥೆಗಳಿಂದ ಪಡೆದ ಸಾಲದ ಬಡ್ಡಿಗೆ ಕಲಂ 80ಇ ಅಡಿ ಮೊತ್ತದ ಮಿತಿಯಿಲ್ಲದೆ ಕಡಿತವಿದೆ. ಬಡ್ಡಿ ಕಟ್ಟಲಾರಂಭಿಸಿದ ವರ್ಷದಿಂದ 8 ವರ್ಷಗಳವರೆಗೆ ಮಾತ್ರ ಇದು ಲಭ್ಯ. ಅಸಲಿನ ಪಾವತಿಗೆ ಕಡಿತವಿಲ್ಲ. ತಮ್ಮ ಅಥವಾ ತಂಗಿಯ ಓದಿಗಾಗಿ ಪಡೆದ ಸಾಲ ಈ ವ್ಯಾಪ್ತಿಗೆ ಬರುವುದಿಲ್ಲ.

8. ಬಂಧುತ್ವವಾರು ಸಾರಾಂಶ

- ಪತಿ ಅಥವಾ ಪತ್ನಿ: 80ಸಿ ಅಡಿ ಜೀವ ವಿಮೆ, 80ಡಿ, 80ಇ ಲಭ್ಯ. ಅವಲಂಬಿತರಾಗಿದ್ದರೆ 80ಡಿಡಿ ಮತ್ತು 80ಡಿಡಿಬಿ ಸಹ ಲಭ್ಯ.
- ಮಕ್ಕಳು: 80ಸಿ, 80ಇ ಲಭ್ಯ. ಅವಲಂಬಿತರಾಗಿದ್ದರೆ 80ಡಿ, 80ಡಿಡಿ, 80ಡಿಡಿಬಿ ಸಹ ಲಭ್ಯ.
- ತಂದೆ ತಾಯಿ: 80ಡಿ ಲಭ್ಯ. ಅವಲಂಬಿತರಾಗಿದ್ದರೆ 80ಡಿಡಿ ಮತ್ತು 80ಡಿಡಿಬಿ ಸಹ ಲಭ್ಯ. ಇವರ ಜೀವ ವಿಮಾ ಕಂತಿಗೆ 80ಸಿ ಅಡಿ ಕಡಿತವಿಲ್ಲ.
- ಸೋದರ ಸೋದರಿಯರು: ಅವಲಂಬಿತರಾಗಿದ್ದರೆ 80ಡಿಡಿ ಮತ್ತು 80ಡಿಡಿಬಿ ಮಾತ್ರ.
- ಅತ್ತೆ ಮಾವ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಇತರ ಬಂಧುಗಳು: ವ್ಯಕ್ತಿಯ ರಿಟರ್ನ್‌ನಲ್ಲಿ ಈ ಬಂಧುತ್ವದ ಆಧಾರದ ಮೇಲೆ 80ಡಿ, 80ಡಿಡಿ, 80ಡಿಡಿಬಿ ಕಡಿತಗಳಿಲ್ಲ. ಹಿಂದೂ ಅವಿಭಕ್ತ ಕುಟುಂಬದ ರಿಟರ್ನ್‌ನಲ್ಲಿ ಅದರ ಸದಸ್ಯರಿಗೆ ಸಂಬಂಧಿಸಿದಂತೆ ಇವು ಲಭ್ಯ.

9. ಅಪ್ರಾಪ್ತ ಮಕ್ಕಳ ಆದಾಯ

ಅಪ್ರಾಪ್ತ ಮಕ್ಕಳ ಹೆಸರಿನ ಠೇವಣಿಯ ಬಡ್ಡಿ ಮೊದಲಾದ ಆದಾಯವನ್ನು ತಂದೆ ತಾಯಿಯಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರಿಸಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರತಿ ಮಗುವಿಗೆ ರೂ. 1,500ರವರೆಗೆ ವಿನಾಯಿತಿ ಇದೆ. ಮಗು ಸ್ವಂತ ಶ್ರಮ ಅಥವಾ ಪ್ರತಿಭೆಯಿಂದ ಗಳಿಸಿದ ಆದಾಯಕ್ಕೆ ಹಾಗೂ ಕಲಂ 80ಯು ಅಡಿ ಸೂಚಿಸಿದ ಅಂಗವೈಕಲ್ಯವುಳ್ಳ ಮಗುವಿನ ಆದಾಯಕ್ಕೆ ಈ ಸೇರ್ಪಡೆ ಅನ್ವಯಿಸುವುದಿಲ್ಲ. ಅಂಥ ಮಗುವಿನ ಹೆಸರಿನಲ್ಲಿರುವ ಠೇವಣಿಯ ಬಡ್ಡಿಯನ್ನು ಪೋಷಕರ ಆದಾಯಕ್ಕೆ ಸೇರಿಸಿ ಅನಗತ್ಯವಾಗಿ ತೆರಿಗೆ ಕಟ್ಟದಂತೆ ಎಚ್ಚರ ವಹಿಸಬೇಕು.

10. ಕಡಿತವನ್ನು ಕೋರುವ ವಿಧಾನ

(1) ವೇತನದಾರರು ವರ್ಷದ ಆರಂಭದಲ್ಲಿ ಯಾವ ಪದ್ಧತಿ ಎಂಬುದನ್ನು ಉದ್ಯೋಗದಾತರಿಗೆ ತಿಳಿಸಿ, ನಿಗದಿತ ಘೋಷಣೆಯನ್ನು ದಾಖಲೆಗಳೊಡನೆ ಸಲ್ಲಿಸಬೇಕು.

(2) ಉದ್ಯೋಗದಾತರಿಗೆ ತಿಳಿಸಲು ಸಾಧ್ಯವಾಗದಿದ್ದರೂ ಹಕ್ಕು ನಷ್ಟವಾಗುವುದಿಲ್ಲ. ವೇತನದಾರರು ಅಂತಿಮ ದಿನಾಂಕದೊಳಗಿನ ರಿಟರ್ನ್‌ನಲ್ಲಿ ಹಳೆಯ ಪದ್ಧತಿಯನ್ನು ಆಯ್ದು ಕಡಿತ ಕೋರಬಹುದು. ಹೆಚ್ಚಾಗಿ ಕಡಿತಗೊಂಡ ತೆರಿಗೆಯು ಮರುಪಾವತಿಯಾಗುತ್ತದೆ.

(3) ಕಲಂ 80ಡಿಡಿಯ ವಿವರಗಳಿಗೆ ರಿಟರ್ನ್‌ನಲ್ಲಿ ಪ್ರತ್ಯೇಕ ಅನುಸೂಚಿ ಇದೆ. ಅಂಗವೈಕಲ್ಯದ ಸ್ವರೂಪ, ಬಂಧುತ್ವ, ಅವಲಂಬಿತರ ಪ್ಯಾನ್ ಅಥವಾ ಆಧಾರ್ ಸಂಖ್ಯೆ, ನಮೂನೆ 10-ಐಎ ಸಲ್ಲಿಸಿದ್ದಲ್ಲಿ ಅದರ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ, ಯುಡಿಐಡಿ ಸಂಖ್ಯೆ ಇದ್ದರೆ ಅದು, ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

(4) ಬಿಲ್ಲು, ರಸೀದಿ, ಪ್ರಮಾಣ ಪತ್ರಗಳನ್ನು ರಿಟರ್ನ್‌ಗೆ ಲಗತ್ತಿಸುವ ಅಗತ್ಯವಿಲ್ಲ. ಆದರೆ ಇಲಾಖೆ ಕೇಳಿದಾಗ ಹಾಜರುಪಡಿಸಲು ಅವುಗಳನ್ನು ಕೆಲವು ವರ್ಷಗಳವರೆಗೆ ಜೋಪಾನವಾಗಿಡಬೇಕು.

(5) ರಿಟರ್ನ್ ಸಲ್ಲಿಸಿದ ಮೇಲೆ ಅದನ್ನು ಇ-ಪರಿಶೀಲನೆ ಮಾಡತಕ್ಕದ್ದು. ಪರಿಶೀಲನೆಯಾಗದ ರಿಟರ್ನ್ ಸಲ್ಲಿಸಿದಂತೆ ಆಗುವುದಿಲ್ಲ. ರಿಟರ್ನ್‌ಗಳು ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಸಂಸ್ಕರಣೆಗೊಳ್ಳುತ್ತವೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಬ್ಬರು ಗಂಡುಮಕ್ಕಳು ಸೇರಿ ತಾಯಿಯ ವಿಮಾ ಕಂತನ್ನು ಕಟ್ಟಿದ್ದಾರೆ. ಇಬ್ಬರಿಗೂ ಕಡಿತ ಸಿಗುವುದೇ?
ಉತ್ತರ: ಸಿಗುತ್ತದೆ. ಪ್ರತಿಯೊಬ್ಬರೂ ತಾವು ವಾಸ್ತವವಾಗಿ ಪಾವತಿಸಿದ ಪಾಲನ್ನು ಮಾತ್ರ ಕೋರಬೇಕು. ಒಂದೇ ಮೊತ್ತವನ್ನು ಇಬ್ಬರೂ ಕೋರುವಂತಿಲ್ಲ.

ಪ್ರಶ್ನೆ: ಅಂಗವೈಕಲ್ಯವುಳ್ಳ ತಂಗಿಗೆ ವಿವಾಹವಾಗಿದೆ. ಅಣ್ಣ ಕಲಂ 80ಡಿಡಿ ಅಡಿ ಕಡಿತ ಪಡೆಯಬಹುದೇ?
ಉತ್ತರ: ವಿವಾಹವೇ ಅಡ್ಡಿಯಲ್ಲ. ಆದರೆ ಆಕೆ ಪೋಷಣೆಗೆ ಮುಖ್ಯವಾಗಿ ಅಣ್ಣನನ್ನೇ ಅವಲಂಬಿಸಿರುವುದು ವಾಸ್ತವವಾಗಿರಬೇಕು. ಪತಿಯ ಪೋಷಣೆಯಲ್ಲಿದ್ದರೆ ಕೋರಲಾಗದು.

ಪ್ರಶ್ನೆ: ಒಬ್ಬರೇ ಮಗುವಿಗೆ ಕಲಂ 80ಡಿ ಮತ್ತು 80ಡಿಡಿ ಎರಡನ್ನೂ ಕೋರಬಹುದೇ?
ಉತ್ತರ: ಕೋರಬಹುದು. ವಿಮಾ ಕಂತಿಗೆ 80ಡಿ, ಅಂಗವೈಕಲ್ಯದ ಪೋಷಣೆಗೆ 80ಡಿಡಿ, ಇವು ಬೇರೆ ಬೇರೆ ಕಡಿತಗಳು.

ಪ್ರಶ್ನೆ: ಅಂಗವೈಕಲ್ಯ ಶೇ. 35 ಎಂದು ಪ್ರಮಾಣ ಪತ್ರದಲ್ಲಿದೆ. ಭಾಗಶಃ ಕಡಿತ ಸಿಗುವುದೇ?
ಉತ್ತರ: ಇಲ್ಲ. ಶೇ. 40ಕ್ಕಿಂತ ಕಡಿಮೆ ಇದ್ದಲ್ಲಿ ಈ ಕಲಂ ಅನ್ವಯಿಸುವುದಿಲ್ಲ.

12. ಎಚ್ಚರಿಕೆ

ಹೆಚ್ಚಿನ ಮರುಪಾವತಿ ಕೊಡಿಸುವುದಾಗಿ ಹೇಳಿ, ಇಲ್ಲದ ಅಂಗವೈಕಲ್ಯ ಅಥವಾ ಕಾಯಿಲೆಯನ್ನು ರಿಟರ್ನ್‌ನಲ್ಲಿ ನಮೂದಿಸುವ ಮಧ್ಯವರ್ತಿಗಳಿಂದ ಸಾರ್ವಜನಿಕರು ದೂರವಿರಬೇಕು. ರಿಟರ್ನ್‌ನಲ್ಲಿರುವ ಪ್ರತಿಯೊಂದು ವಿವರಕ್ಕೂ ತೆರಿಗೆದಾರರೇ ಹೊಣೆಗಾರರು. ಆದಾಯವನ್ನು ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50ರಷ್ಟು, ಸುಳ್ಳು ವಿವರ ನೀಡಿದ್ದಕ್ಕೆ ಶೇ. 200ರಷ್ಟು ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಬಾಕಿ ತೆರಿಗೆ ಮತ್ತು ಬಡ್ಡಿ ಇದಕ್ಕೆ ಹೊರತಾಗಿರುತ್ತವೆ. ಪೋರ್ಟಲ್‌ನ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಯಾರಿಗೂ ತಿಳಿಸಬಾರದು.

13. ನೆರವು

ಇ-ಫೈಲಿಂಗ್ ಸಂಬಂಧಿತ ಸಂದೇಹಗಳಿಗೆ 1800 103 0025 ಅಥವಾ 1800 419 0025 ಉಚಿತ ದೂರವಾಣಿ ಸಂಖ್ಯೆಗಳನ್ನು ಸಂಪರ್ಕಿಸಬಹುದು. ಆದಾಯ ತೆರಿಗೆ ಕಚೇರಿಗಳಲ್ಲಿರುವ ಆಯಕರ ಸೇವಾ ಕೇಂದ್ರಗಳಲ್ಲಿಯೂ ಮಾಹಿತಿ ದೊರೆಯುತ್ತದೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಕಾಯ್ದೆ, ನಿಯಮಗಳು ಮತ್ತು ಅಧಿಸೂಚನೆಗಳಲ್ಲಿರುವುದೇ ಅಂತಿಮ.